ಅಜ್ಜನ ಪಾಲಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಡಿಗ್ರಿಗೆ ಸೇರುವ ಮಕ್ಕಳು ಮೇಜರ್ ವಿಷಯ ಯಾವುದು ಅಂತ ತುಂಬ ತಲೆಕೆಡಿಸಿಕೊಳ್ಳುತ್ತಾರೆ. ಮೈನರ್ ಮಾತ್ರ ಯಾವುದಾದರೂ ಸರಿ, ಸುಲಭ ಇದ್ದರೆ ಸಾಕು. ಗ್ರಾಮೀಣ ಸಮಾಜಶಾಸ್ತ್ರ ತಗೊಳ್ಳಿ ಅಂದರೆ, "ನಾವು ಹಳ್ಳಿಯವರೇ ಅಲ್ವಾ ಸರ್, ಅದರಲ್ಲಿ ಓದೋದೇನಿದೆ?" ಅಂತಾರೆ.

ಹಾಗೆ ಕೇಳಿದವರಲ್ಲಿ ಒಬ್ಬ ಕಾರವಾರದ ಹತ್ತಿರದ ಮೀನುಗಾರರ ಮನೆಯ ಹುಡುಗ. ಓದುತ್ತಿದ್ದದ್ದು ಬಿ.ಕಾಂ. ಅಜ್ಜನ ಹತ್ತಿರ ಕೂತು ರಂಪಣಿ ಬಲೆಯ ಬಗ್ಗೆ, ಅಂದರೆ ಊರವರೆಲ್ಲ ಸೇರಿ ದಡಕ್ಕೆ ಎಳೆಯುತ್ತಿದ್ದ ಆ ದೊಡ್ಡ ಬಲೆಯ ಬಗ್ಗೆ ಕೇಳಿಕೊಂಡು ಬಾ ಅಂದೆ. ಅವನು ಲೆಕ್ಕದ ಪುಸ್ತಕದ ಹಾಗೆ ಗೆರೆ ಹಾಕಿ ಬರೆದು ತಂದ. ಬಲೆಯವರಿಗೆ ಇಷ್ಟು ಪಾಲು, ತಂಡದ ಮುಖಂಡ ತಾಂಡೇಲನಿಗೆ ಇಷ್ಟು, ದಡದಲ್ಲಿ ನಿಂತು ಹಗ್ಗ ಎಳೆದವರಿಗೆ ಇಷ್ಟು. ಬಂಗಡೆ ಜಾಸ್ತಿ ಬಿದ್ದ ದಿನ ಎಲ್ಲರಿಗೂ ಜಾಸ್ತಿ. 1970ರ ದಶಕದ ಕೊನೆಗೆ ಪರ್ಸೀನ್ ಬೋಟ್ ಬಂದವು. ಮೀನು ದಡ ಮುಟ್ಟುವ ಮೊದಲೇ ಸಮುದ್ರದಲ್ಲೇ ಸುತ್ತುಗಟ್ಟಿ ಹಿಡಿಯತೊಡಗಿದರು. ಪುಟದ ಕೆಳಗೆ ಹುಡುಗ ಬರೆದಿದ್ದ: "ಅಜ್ಜ ಪಾಲುದಾರ. ಅಪ್ಪ ಬೇರೆಯವರ ಬೋಟಿನಲ್ಲಿ ಕೆಲಸಕ್ಕೆ."

ಹುಟ್ಟಿದಾಗಿನಿಂದ ಆ ಮನೆಯಲ್ಲೇ ಇದ್ದವನು. ಆದರೂ ಇದನ್ನು ಯಾವತ್ತೂ ಕೇಳಿರಲಿಲ್ಲ.

ಘಟ್ಟದ ಮೇಲೆ, ಶಿರಸಿ ಕಡೆಯ ಮಕ್ಕಳಿಗೆ ಹೀಗೆ ಕೇಳಲು ಸೊಪ್ಪಿನ ಬೆಟ್ಟವಿದೆ, ಅಂದರೆ ತೋಟಕ್ಕೆ ಹಾಕುವ ಸೊಪ್ಪು ಕಡಿಯುವ ಕಾಡು. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ. ಜಾಗ ಸರ್ಕಾರದ್ದು, ಸೊಪ್ಪು ಕಡಿಯುವ ಹಕ್ಕು ತೋಟದವರದ್ದು. ಹಾಗಾದರೆ ತೋಟವೇ ಇಲ್ಲದವರ ದನ ಎಲ್ಲಿ ಮೇಯಬೇಕು? ಸೊಪ್ಪಿನ ಹೊರೆ ಹೊತ್ತು ತರುವವರು ಯಾರು? ಈ ವಿಷಯ ಓದುವವರು ಕೇಳಬೇಕಾದ್ದು ಇಂಥದ್ದನ್ನೇ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದು ಹೀಗೇ ಕೇಳಿದ್ದರು. ಪಠ್ಯದಲ್ಲಿ ಬರುವ 'ಪ್ರಬಲ ಜಾತಿ', ಅಂದರೆ ಊರಿನಲ್ಲಿ ಜನ, ಜಮೀನು, ಅಧಿಕಾರ ಹೆಚ್ಚಿರುವ ಜಾತಿ, ಎಂಬ ಮಾತಿನ ಹಿಂದೆ ಆ ಹಳ್ಳಿವಾಸ ಇದೆ. ಸುಮ್ನೆ ಬಾಯಿಪಾಠ ಮಾಡಿದರೆ ಅದು ಪರೀಕ್ಷೆಗಷ್ಟೇ ಸಿಗುತ್ತದೆ, ನಿಮ್ಮ ಕೇರಿ ಕಾಣುವುದಿಲ್ಲ.

ಆ ಹುಡುಗನ ಲೆಕ್ಕದಲ್ಲಿ ಒಂದು ಕೊರತೆ ಇತ್ತು. ಹೆಂಗಸರ ಹೆಸರಲ್ಲಿ ಒಂದು ಸಾಲೂ ಇರಲಿಲ್ಲ. "ದಡಕ್ಕೆ ಬಂದ ಮೀನನ್ನು ಮಾರಿದವರು ಯಾರಪ್ಪ?" ಅಂದೆ. ಸುಮ್ಮನಾದ. ಮುಂದಿನ ಭಾನುವಾರ ಅಜ್ಜಿಯ ಹತ್ತಿರ ಕೂತನಂತೆ. ಬುಟ್ಟಿ ಹೊತ್ತು ಅವಳು ನಡೆದ ಊರುಗಳು, ಒಣಮೀನು ಕೊಟ್ಟು ಅಕ್ಕಿ ತಂದ ಮನೆಗಳು, ಎಲ್ಲ ಬರೆದುಕೊಂಡು ಬಂದ. ಅಜ್ಜನದ್ದು ಒಂದು ಪುಟ, ಅಜ್ಜಿಯದ್ದು ಮೂರು.

ನಮಸ್ಕಾರ.