ಗಾಯ ಮಾಯ್ದ ಮೇಲೆ ಮತ್ತೆ ಕಂದಕಕ್ಕೆ

ಕೇಳುಗರಿಗೆ ನಮಸ್ಕಾರ.

ಮೊದಲನೆಯ ಮಹಾಯುದ್ಧಕ್ಕೆಂದು ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳ ಮನಸ್ಸಿನಲ್ಲಿ ಏನಿತ್ತು? ಇದು ಇಂದು ನಮಗೆ ಗೊತ್ತಾಗುವುದು, ಅವರ ಕಾಗದಗಳನ್ನು ಒಡೆದು ಓದಿದವರ ಕೃಪೆಯಿಂದ. 1914ರ ಸೆಪ್ಟೆಂಬರ್ ಕೊನೆಯಲ್ಲಿ ಲಾಹೋರ್ ಡಿವಿಷನ್ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು. ಅದರ ಬೆನ್ನಿಗೇ ಮೀರತ್ ಡಿವಿಷನ್ ಬಂತು. ಹೆಚ್ಚು ದಿನ ಕಳೆಯುವ ಮೊದಲೇ ಎವಲಿನ್ ಹೋವೆಲ್ ಎಂಬ ಅಧಿಕಾರಿಯ ಕೈಕೆಳಗೆ ಸೆನ್ಸಾರ್ ಕಚೇರಿಯೂ, ಅಂದರೆ ಕಾಗದಗಳನ್ನು ತಪಾಸಣೆ ಮಾಡುವ ಕಚೇರಿಯೂ, ಶುರುವಾಯಿತು. ಅದು ನೆಲೆಸಿದ್ದು ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿ.

1915ರ ಮಾರ್ಚ್ ಹೊತ್ತಿಗೆ ಸಿಪಾಯಿಗಳು ವಾರಕ್ಕೆ ಹತ್ತರಿಂದ ಇಪ್ಪತ್ತು ಸಾವಿರ ಕಾಗದ ಬರೆಯುತ್ತಿದ್ದರು. ಕಚೇರಿಯಲ್ಲಿದ್ದವರು ಬೆರಳೆಣಿಕೆಯ ಮಂದಿ. ಎಲ್ಲವನ್ನೂ ಓದುವ ಮಾತೇ ಇರಲಿಲ್ಲ. ಕೆಲವನ್ನು ಆರಿಸಿ, ಇಂಗ್ಲಿಷಿಗೆ ತಿರುಗಿಸಿ, ಸಿಪಾಯಿಗಳ ಮನಃಸ್ಥಿತಿಯನ್ನು ಅಳೆಯುವ ವರದಿಗೆ ಲಗತ್ತಿಸುತ್ತಿದ್ದರು. ಈ ಅಳತೆಗೋಲಿನಲ್ಲಿ ದೋಷಗಳಿದ್ದವು. ಬಹುಪಾಲು ಸಿಪಾಯಿಗಳಿಗೆ ಅಕ್ಷರ ಬಾರದು; ಹೇಳಿದ್ದನ್ನು ಬರೆಯುವವನು ಇನ್ನೊಬ್ಬ. ಊರಿನಲ್ಲೂ ಯಾರೋ ಓದಿ ಹೇಳಬೇಕು. ಬೂಲೋನಿಗೆ ಬರುವ ಮೊದಲೇ ಪಲ್ಟನ್ನಿನ ಸಾಹೇಬರು ಕಣ್ಣಾಡಿಸಿರುತ್ತಿದ್ದರು. ಹೀಗಾಗಿ ಮುಖ್ಯ ಸಂಗತಿ ಮರೆಮಾತಿನಲ್ಲಿ ಹೋಗುತ್ತಿತ್ತು. ಕರಿಮೆಣಸು ಬಹಳ ಖರ್ಚಾಗುತ್ತಿದೆ, ಕೆಂಪು ಮೆಣಸು ಅಷ್ಟಾಗಿ ಬಳಕೆಯಾಗುತ್ತಿಲ್ಲ ಎಂದರೆ, ಸಾಯುತ್ತಿರುವವರು ನಮ್ಮವರು, ಬಿಳಿಯರಲ್ಲ ಎಂದರ್ಥ. ಸೆನ್ಸಾರಿನವರಿಗೂ ಇದು ತಿಳಿಯದೆ ಹೋಗಲಿಲ್ಲ.

ಚಳಿ, ಕೆಸರು, ಫಿರಂಗಿಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆದರೆ ಕಾಗದಗಳಲ್ಲಿ ಆಳವಾಗಿ ಕಾಣುವ ನೋವು ಬೇರೆ. ತಿಂಗಳಿಗೆ ಹನ್ನೊಂದು ರೂಪಾಯಿ ಸಂಬಳದ ಸಿಪಾಯಿಯ ಲೆಕ್ಕದಲ್ಲಿ, ಒಮ್ಮೆ ಗುಂಡು ತಿಂದರೆ ಉಂಡ ಉಪ್ಪಿನ ಋಣ ತೀರಿತು. ಇನ್ನು ಮನೆಗೆ ಕಳಿಸಬೇಕು. ಸರ್ಕಾರದ ಲೆಕ್ಕದಲ್ಲಿ, ಗಾಯ ಮಾಯ್ದವನು ಮತ್ತೆ ಕಂದಕಕ್ಕೆ ಹೋಗಬೇಕು. ಬ್ರಿಟಿಷ್ ಸೈನಿಕ ರಜೆ ಸಿಕ್ಕರೆ ಕಡಲ್ಗಾಲುವೆ ದಾಟಿ ಮನೆಮಂದಿಯನ್ನು ನೋಡಿ ಬರಬಹುದಿತ್ತು. ಭಾರತೀಯನಿಗೆ ಆ ದಾರಿಯೂ ಇಲ್ಲ. ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಅರಮನೆಯನ್ನೇ ಆಸ್ಪತ್ರೆ ಮಾಡಿದ್ದರು; ಅಲ್ಲಿ ಜಾತಿಮತಕ್ಕೆ ತಕ್ಕಂತೆ ಒಂಬತ್ತು ಅಡುಗೆಮನೆ ಮಾಡಿದರು, ಹಿಂದೂ ಮುಸ್ಲಿಮರಿಗೆ ಬೇರೆ ಬೇರೆ ನಲ್ಲಿ ಇಟ್ಟರು. ಉಪಚಾರವನ್ನು ಸಿಪಾಯಿಗಳು ಹೊಗಳಿದ್ದೂ ಉಂಟು. ಆದರೆ ಬೇಗ ವಾಸಿಯಾದಷ್ಟೂ ಬೇಗ ಮುಂಚೂಣಿಗೆ ಹೋಗಬೇಕು ಎಂದಾಗ ಆಸ್ಪತ್ರೆಯ ಊಟ ಎಷ್ಟು ರುಚಿಸೀತು? ಭಾರತೀಯ ಆಸ್ಪತ್ರೆಗಳ ಮೇಲ್ವಿಚಾರಕ ವಾಲ್ಟರ್ ಲಾರೆನ್ಸ್ ಈ ಕೊರಗನ್ನು ಯುದ್ಧಮಂತ್ರಿ ಕಿಚನರ್ ಗಮನಕ್ಕೆ ತಂದಿದ್ದರು.

ಇದರ ಮೇಲೆ ಇನ್ನೊಂದು ಅನುಮಾನ. ಕೈಗೆ ಗಾಯವಾಗಿ ಬರುವವರು ಹೆಚ್ಚಾದಾಗ, ತಾವೇ ಗುಂಡು ಹೊಡೆದುಕೊಂಡಿದ್ದಾರೆ ಎಂಬ ಮಾತೆದ್ದಿತು. ಬ್ರೈಟನ್ನಿನ ಮತ್ತೊಂದು ಆಸ್ಪತ್ರೆಯ ಕರ್ನಲ್ ಸೀಟನ್ 1,000 ಗಾಯಗಳನ್ನು ಪರಿಶೀಲಿಸಿ, ಅಂಥದ್ದು ವ್ಯಾಪಕವಾಗಿ ನಡೆದಿಲ್ಲ ಎಂದರು. ಕಂದಕದಲ್ಲಿ ನಿಂತು ಬಂದೂಕು ಹಿಡಿದವನ ತಲೆ ಮತ್ತು ಕೈ ಮಾತ್ರ ತಾನೇ ಮಣ್ಣಿನ ದಿಬ್ಬದ ಮೇಲೆ ಕಾಣುವುದು! ತಲೆಗೆ ಬಿದ್ದವನು ಆಸ್ಪತ್ರೆಯ ತನಕ ಬರುವುದು ಅಪರೂಪ.

ಪಲ್ಟನ್ ಒಳಗಿನಿಂದಲೂ ಸಡಿಲವಾಗುತ್ತಿತ್ತು. ಸುಮಾರು 750 ಜನರ ಪಲ್ಟನ್ನಿಗೆ ಹನ್ನೆರಡು ಹದಿಮೂರು ಬ್ರಿಟಿಷ್ ಅಧಿಕಾರಿಗಳು. ಸಿಪಾಯಿಗಳ ಭಾಷೆ, ಊರು, ಜಗಳ ಎಲ್ಲ ಬಲ್ಲವರು. ಅವರು ಸತ್ತ ಮೇಲೆ ಬಂದವರಲ್ಲಿ ಎಷ್ಟೋ ಮಂದಿಗೆ ಭಾಷೆಯೇ ಬಾರದು. ಸತ್ತ ಸಿಪಾಯಿಗಳ ಜಾಗ ತುಂಬಲು ಬೇರೆ ಪಲ್ಟನ್ನುಗಳಿಂದ ಜನ ತಂದರು. ಪಕ್ಕದಲ್ಲಿ ನಿಂತವನು ಯಾರೆಂದೇ ಗೊತ್ತಿಲ್ಲದಿದ್ದರೆ ಧೈರ್ಯ ಎಲ್ಲಿಂದ ಬರಬೇಕು?

1915ರ ಕೊನೆಗೆ ಕಾಲಾಳುಗಳನ್ನು ಫ್ರಾನ್ಸಿನಿಂದ ಹೊರಡಿಸಿದರು. ಹಡಗು ಹೋದದ್ದು ಊರಿಗಲ್ಲ, ಮೆಸೊಪೊಟೇಮಿಯಕ್ಕೆ, ಅಂದರೆ ಇಂದಿನ ಇರಾಕಿಗೆ. ಅಲ್ಲಿ 1916ರಲ್ಲಿ, ಫ್ರಾನ್ಸಿನಿಂದಲೇ ಬಂದಿದ್ದ 15ನೇ ಲ್ಯಾನ್ಸರ್ಸ್ ಕುದುರೆದಳದ ಮುಸ್ಲಿಂ ಸವಾರರು ಪವಿತ್ರ ಸ್ಥಳಗಳ ಹತ್ತಿರ ಯುದ್ಧ ಮಾಡಲಾರೆವೆಂದು ಬಸ್ರಾದಲ್ಲೇ ನಿಂತುಬಿಟ್ಟರು. ಸೈನಿಕ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ಫ್ರಾನ್ಸಿನಲ್ಲೇ ಉಳಿದ ಕುದುರೆದಳಗಳು 1918ರವರೆಗೂ ಅಲ್ಲಿದ್ದವು. ಆಮೇಲೂ ಮನೆಯಿಲ್ಲ, ಪ್ಯಾಲೆಸ್ಟೈನ್. ಹಾಗೆ ಬಂದ ಜೋಧಪುರ ಲ್ಯಾನ್ಸರ್ಸ್, 1914ರಿಂದಲೂ ಈಜಿಪ್ಟ್ ಕಡೆಯಲ್ಲಿದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಜೊತೆ ಒಂದೇ ಬ್ರಿಗೇಡಿಗೆ ಸೇರಿತು. 1918ರ ಸೆಪ್ಟೆಂಬರ್ 23ರಂದು ಇಬ್ಬರೂ ಕೂಡಿ ಅಲ್ಲಿನ ಹೈಫಾ ಪಟ್ಟಣ ಗೆದ್ದರು. ಅಷ್ಟರಲ್ಲಿ ಅವರು ಊರು ಬಿಟ್ಟು ನಾಲ್ಕು ವರ್ಷವಾಗುತ್ತ ಬಂದಿತ್ತು.

ನಮಸ್ಕಾರ.