ಯೋನನ ಮೀನು ಬಿಟ್ಟು ಮುಂದಕ್ಕೆ ಓದೋಣ

ನಮಸ್ಕಾರ ಎಲ್ರಿಗೂ. ಬೈಬಲ್ ಬಗ್ಗೆ ಯಾರೇ ಚರ್ಚೆ ಶುರು ಮಾಡ್ಲಿ, ಐದೇ ನಿಮಿಷ, ಅದು ಯೋನನ ಮೀನಿನ ಹತ್ರ, ಅಂದ್ರೆ ದೇವ್ರ ಮಾತು ಕೇಳ್ದೇ ಓಡಿಹೋದ ಪ್ರವಾದಿ ಯೋನನ್ನ ನುಂಗಿದ ದೊಡ್ಡ ಮೀನಿನ ಹತ್ರ, ಬಂದು ನಿಂತ್ಕೊಂಡ್ಬಿಡುತ್ತೆ. ಮನುಷ್ಯ ಮೂರು ದಿನ ಮೀನಿನ ಹೊಟ್ಟೇಲಿ ಬದುಕಿರೋಕಾಗುತ್ತಾ ಅಂತ ಒಬ್ರು, ದೇವ್ರಿಗೆ ಆಗ್ದೇ ಇರೋದು ಯಾವ್ದಿದೆ ಅಂತ ಇನ್ನೊಬ್ರು, ಗಂಟೆಗಟ್ಲೆ ಜಗಳ, ಅಷ್ಟೊತ್ತಿಗೆ ಯೋನನ ಪುಸ್ತಕದಲ್ಲಿ ಇರೋ ನಾಲ್ಕೇ ನಾಲ್ಕು ಅಧ್ಯಾಯನ ಎರಡ್ಸಲ ಓದಿ ಮುಗಿಸ್ಬೋದಿತ್ತು. ನಂಗೆ ನಿಜವಾಗ್ಲೂ ನೋವಾಗುತ್ತೆ ಇದನ್ನ ನೋಡಿ. ಯಾಕಂದ್ರೆ ಇಬ್ರೂ ಕಥೆ ಕೇಳ್ತಾ ಇಲ್ಲ, ಕಥೆಗೆ ಸಾಕ್ಷಿ ಕೇಳ್ತಿದಾರೆ.

ಬೈಬಲ್ಲಿನ ಎರಡನೇ ಸಮುವೇಲನ ಪುಸ್ತಕದ 12ನೇ ಅಧ್ಯಾಯ ನೆನಪು ಮಾಡ್ಕೊಳ್ಳಿ. ಇಸ್ರಾಯೇಲಿನ ರಾಜ ದಾವೀದ ತನ್ನ ಸೈನಿಕ ಊರೀಯನ ಹೆಂಡ್ತಿ ಬತ್ಷೆಬೆನ ಕರ್ಸ್ಕೊಂಡಿದಾನೆ, ಊರೀಯನ್ನ ಯುದ್ಧದಲ್ಲಿ ಮುಂದೆ ನಿಲ್ಸಿ ಕೊಲ್ಲಿಸಿದಾನೆ. ಆಗ ಪ್ರವಾದಿ ನಾತಾನ ಬಂದು ಒಂದು ಕಥೆ ಹೇಳ್ತಾನೆ. ಒಬ್ಬ ಶ್ರೀಮಂತ, ಅವನ ಹತ್ರ ಕುರಿ ದನ ಬೇಕಾದಷ್ಟಿದೆ. ಒಬ್ಬ ಬಡವ, ಅವನಿಗಿರೋದು ಒಂದೇ ಕುರಿಮರಿ, ಅವನ ತಟ್ಟೇಲೇ ತಿನ್ನುತ್ತೆ, ಅವನ ಮಡಿಲಲ್ಲೇ ಮಲಗುತ್ತೆ, ಮಗಳ ಥರ. ಮನೆಗೆ ಅತಿಥಿ ಬಂದಾಗ ಶ್ರೀಮಂತ ತನ್ನ ಕುರಿ ಕಡಿಯೋಕೆ ಮನಸ್ಸು ಬರ್ದೇ ಆ ಬಡವನ ಮರೀನ ಕಿತ್ಕೊಂಡ್ ಬಂದು ಅಡುಗೆ ಮಾಡಿಸ್ತಾನೆ. ದಾವೀದನಿಗೆ ಸಿಟ್ಟು ನೆತ್ತಿಗೇರಿ, ಅಂಥವನು ಸಾಯ್ಬೇಕು ಅಂತಾನೆ. ನಾತಾನ ಹೇಳ್ತಾನೆ, ನೀನೇ ಆ ಮನುಷ್ಯ. ಈಗ ಹೇಳಿ, ದಾವೀದ ಎದ್ದು ಆ ಬಡವನ ಊರು ಯಾವ್ದು, ಇದಕ್ಕೆ ಪುರಾವೆ ಎಲ್ಲಿ ಅಂತ ಕೇಳಿದ್ನಾ? ಕೇಳಿದ್ರೆ ತಪ್ಪಿಸ್ಕೊಳ್ತಿದ್ದ. ಕುರಿಮರಿ ಇರ್ಲೇ ಇಲ್ಲ, ಆದ್ರೂ ಕಥೆ ಪೂರ್ತಿ ಸತ್ಯ.

ಬೈಬಲ್ ಕಥೆಗಳನ್ನ ಹೀಗೆ ರೂಪಕವಾಗಿ ಓದೋದು ವಿಜ್ಞಾನಕ್ಕೆ ಹೆದ್ರಿ ಈಗಿನೋರು ಮಾಡ್ಕೊಂಡಿರೋ ಅಡ್ಜಸ್ಟ್‌ಮೆಂಟ್ ಅಂತ ತುಂಬಾ ಜನ ಹೇಳ್ತಾರೆ, ಅದು ಸರಿಯಲ್ಲ. ಯೇಸುವಿನ ಅಪೊಸ್ತಲ ಪೌಲನೇ ಗಲಾತ್ಯದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಅಬ್ರಹಾಮನ ಮಕ್ಕಳ ತಾಯಂದಿರು ಹಾಗರ್, ಸಾರಾ ಇಬ್ರನ್ನೂ ದೇವ್ರು ಮನುಷ್ಯರ ಜೊತೆ ಮಾಡ್ಕೊಂಡ ಎರಡು ಒಡಂಬಡಿಕೆಗಳ ರೂಪಕ ಅಂತ ಓದ್ತಾನೆ. 3ನೇ ಶತಮಾನದ ಕ್ರೈಸ್ತ ಪಂಡಿತ ಆರಿಜನ್ ಕೇಳೋ ಪ್ರಶ್ನೆ ಇವತ್ತಿನ ಹುಡುಗ್ರು ಕೇಳೋ ಥರಾನೇ ಇದೆ, ಸೂರ್ಯನೇ ಇಲ್ದೇ ಮೊದಲ್ನೇ ದಿನ ಎರಡ್ನೇ ದಿನ ಅಂತ ಹೇಗಾಯ್ತು, ದೇವ್ರು ರೈತನ ಥರ ಗಿಡ ನೆಟ್ಟ ಅಂತ ಬುದ್ಧಿ ಇರೋರು ಯಾರಾದ್ರೂ ನಂಬ್ತಾರಾ ಅಂತ. ಅವನು ನಾಸ್ತಿಕ ಅಲ್ಲ, ಬೈಬಲ್ ಓದೋದಕ್ಕೇ ಜೀವನ ಕೊಟ್ಟವನು. ಮುಂದೆ ಕ್ರೈಸ್ತ ಸಭೆಯ ದೊಡ್ಡ ಗುರು ಆದ ಆಗಸ್ಟೀನನ ವಿಷಯ ಇನ್ನೂ ಹತ್ರದ್ದು. ಹಳೇ ಒಡಂಬಡಿಕೆಯ ಎಷ್ಟೋ ಮಾತು ಅಕ್ಷರಕ್ಕಕ್ಷರ ತಗೊಂಡು ಅವನಿಗೆ ಅಸಹ್ಯ ಆಗಿತ್ತು, ಮಿಲಾನ್‌ನಲ್ಲಿ ಬಿಷಪ್ ಆಂಬ್ರೋಸ್ ಅದನ್ನೇ ರೂಪಕವಾಗಿ ಬಿಡಿಸಿ ಹೇಳೋದನ್ನ ಕೇಳ್ದ ಮೇಲೇ ಅವನ ಮನಸ್ಸು ತೆರೀತು, 387ರಲ್ಲಿ ದೀಕ್ಷಾಸ್ನಾನ ತಗೊಂಡ. ಅಂದ್ರೆ ರೂಪಕ ಅವನ ನಂಬಿಕೇನ ಕಿತ್ಕೊಳ್ಲಿಲ್ಲ, ಕೊಡ್ತು.

ಅಕ್ಷರಾರ್ಥಕ್ಕೆ ಅಂಟ್ಕೊಂಡೋರು ಆಗ್ಲೂ ಇದ್ರು, ಹಳೇ ಸಿರಿಯಾದ ಆಂಟಿಯೋಕ್‌ನ ಪಂಡಿತರು ಈ ಅಲೆಗರಿ, ಅಂದ್ರೆ ರೂಪಕದ ಓದು, ಅತಿಯಾಯ್ತು ಅಂತ ಜಗಳಾನೇ ಆಡಿದಾರೆ. ಆದ್ರೆ 1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ ಲೆಕ್ಕ ಹಾಕಿ ಸೃಷ್ಟಿ ಕ್ರಿ.ಪೂ. 4004ರ ಅಕ್ಟೋಬರ್‌ನಲ್ಲಾಯ್ತು ಅಂದಿದ್ದು, 1978ರಲ್ಲಿ ಶಿಕಾಗೋದಲ್ಲಿ ಇವ್ಯಾಂಜೆಲಿಕಲ್ ಅನ್ನೋ ಪ್ರಾಟೆಸ್ಟೆಂಟ್ ಪಂಥದ ನಾಯಕರು ಸೇರಿ ಚರಿತ್ರೆ ವಿಜ್ಞಾನದಲ್ಲೂ ಬೈಬಲ್ ತಪ್ಪೋದೇ ಇಲ್ಲ ಅಂತ ಹೇಳಿಕೆ ಹೊರಡಿಸಿದ್ದು, ಇವೆಲ್ಲ ಆರಿಜನ್‌ಗಿಂತ ಎಷ್ಟೋ ಈಚಿನವು.

ಹಾಗಂತ ಎಲ್ಲಾನೂ ರೂಪಕ ಅನ್ನೋಕೆ ನಾನು ತಯಾರಿಲ್ಲ. ಕ್ರಿ.ಪೂ. 701ರಲ್ಲಿ ಅಶ್ಶೂರದ (ಅಸ್ಸೀರಿಯಾ) ರಾಜ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬಂದಿದ್ದು ಬೈಬಲ್ಲಲ್ಲೂ ಇದೆ, ಅವನದ್ದೇ ಶಾಸನದಲ್ಲೂ ಇದೆ, ಯೆಹೂದದ ರಾಜ ಹಿಜ್ಕೀಯನ್ನ ಪಂಜರದ ಹಕ್ಕಿ ಥರ ಕೂಡಿಹಾಕ್ದೆ ಅಂತ. ಯೇಸು ಸತ್ತು ಮತ್ತೆ ಎದ್ದಿದ್ದು, ಅಂದ್ರೆ ಪುನರುತ್ಥಾನ, ಬರೀ ಮಾತಾದ್ರೆ ನಮ್ಮ ಸಾರೋಣವೇ ವ್ಯರ್ಥ ಅಂತ ಪೌಲ ಖಡಾಖಂಡಿತವಾಗಿ ಹೇಳಿದಾನೆ, ಅದನ್ನ ಅವನ ಬಾಯಿಂದ ಕಿತ್ಕೊಳ್ಳೋ ಹಕ್ಕು ನಂಗಿಲ್ಲ. ಮತ್ತೆ ರೂಪಕಾನೂ ತಪ್ಪಿಸ್ಕೊಳ್ಳೋ ದಾರಿ ಆಗ್ಬೋದು. ಅದೇ ಆಗಸ್ಟೀನ್, ದಾರೀಲಿ ಗಾಯಗೊಂಡು ಬಿದ್ದವನನ್ನ ಪರಕೀಯನೊಬ್ಬ ಎತ್ತಿ ಛತ್ರಕ್ಕೆ ಸೇರಿಸೋ, ಯೇಸು ಹೇಳಿದ ಒಳ್ಳೇ ಸಮಾರ್ಯದವನ ಕಥೆ ಬಿಡಿಸ್ತಾ ಗಾಯಗೊಂಡವನು ಆದಾಮ, ಸಮಾರ್ಯದವನು ಕ್ರಿಸ್ತ, ಛತ್ರ ಅಂದ್ರೆ ಕ್ರೈಸ್ತ ಸಭೆ (ಚರ್ಚ್), ಛತ್ರದವನು ಪೌಲ ಅಂತ ಒಂದೊಂದನ್ನೂ ಜೋಡಿಸ್ಕೊಂಡು ಹೋಗ್ತಾನೆ. ಚೆನ್ನಾಗಿದೆ, ಆದ್ರೆ ಯೇಸು ಕೊನೇಲಿ ಹೇಳಿದ್ದು ಹೋಗು, ನೀನೂ ಅದರಂತೆ ಮಾಡು ಅಂತ. ದಾರೀಲಿ ಬಿದ್ದಿರೋನು ಆದಾಮ ಆಗ್ಬಿಟ್ರೆ ನಾವು ಅವನನ್ನ ಎತ್ತೋದು ಯಾವಾಗ?

ಈಗ ಯೋನನ ಹತ್ರ ಬರ್ತೀನಿ. ನಿನೆವೆ ಅಂದ್ರೆ ಸುಮ್ನೆ ಯಾವ್ದೋ ಊರಲ್ಲ, ಇಸ್ರಾಯೇಲಿನ ಉತ್ತರ ರಾಜ್ಯನ ನೆಲಸಮ ಮಾಡಿದ ಅಶ್ಶೂರದ ರಾಜಧಾನಿ, ಈ ಕಥೆ ಕೇಳೋರ ಮನಸ್ಸಲ್ಲಿ ಶತ್ರುವಿನ ಇನ್ನೊಂದ್ ಹೆಸ್ರು. ಅಲ್ಲಿಗೆ ಹೋಗು ಅಂದ್ರೆ ಯೋನ ಉಲ್ಟಾ ದಿಕ್ಕಿಗೆ ಹಡಗು ಹತ್ತುತಾನೆ. ಕೊನೆಗೆ ಹೋಗಿ ಒಂದೇ ಸಾಲು ಸಾರ್ತಾನೆ, ನಲವತ್ತು ದಿನ ಕಳೆದ್ರೆ ನಿನೆವೆ ಹಾಳಾಗುತ್ತೆ ಅಂತ, ಅಷ್ಟಕ್ಕೇ ರಾಜನಿಂದ ಹಿಡಿದು ದನಕರುವರೆಗೂ ಪಶ್ಚಾತ್ತಾಪದ ಗುರುತಾಗಿ ಗೋಣಿತಟ್ಟು ಹೊದ್ಕೊಂಡು ಉಪವಾಸ ಕೂರುತ್ತೆ. ದನಕ್ಕೆ ಗೋಣಿತಟ್ಟು ಹೊದ್ಸಿ ಬರೆದವನು ನಮ್ಗೆ ವರದಿ ಕೊಡ್ತಿಲ್ಲ ಅಂತ ಅಲ್ಲೇ ಗೊತ್ತಾಗ್ಬೇಕಲ್ವಾ. ದೇವ್ರು ಕ್ಷಮಿಸ್ತಾನೆ. ಯೋನನಿಗೆ ಸಂತೋಷ ಆಗಲ್ಲ, ಸಿಟ್ಟು ಬರುತ್ತೆ, ನಂಗೆ ಸಾವೇ ಮೇಲು ಅಂತಾನೆ, ನೀನು ಕನಿಕರ ಇರೋನು ಅಂತ ಗೊತ್ತಿದ್ದಕ್ಕೇ ನಾನು ಓಡಿಹೋಗಿದ್ದು ಅಂತಾನೆ. ಇದನ್ನ ಓದಿದಾಗೆಲ್ಲ ನಂಗೆ ಮೈ ಜುಮ್ಮನ್ನುತ್ತೆ, ಅವನಿಗೆ ಬೇಕಾಗಿದ್ದು ಅವ್ರು ತಿದ್ಕೊಳ್ಳೋದಲ್ಲ, ಸಾಯೋದು.

ನೆರಳು ಕೊಡ್ತಿದ್ದ ಗಿಡ ಒಣಗಿದಾಗ ಮತ್ತೆ ಗೋಳಾಡ್ತಾನೆ. ಆಗ ದೇವ್ರು ಕೇಳ್ತಾನೆ, ನೀನು ನೆಡ್ದೇ ಇರೋ ಒಂದು ಗಿಡಕ್ಕೆ ಇಷ್ಟು ಮರುಗ್ತೀಯಲ್ಲ, ಎಡಗೈ ಬಲಗೈ ಗೊತ್ತಿಲ್ಲದ 1,20,000ಕ್ಕೂ ಹೆಚ್ಚು ಜನ ಇರೋ ಈ ಊರಿಗೆ, ಇಷ್ಟೊಂದು ದನಕರುಗಳಿಗೆ, ನಾನು ಮರುಗ್ಬಾರ್ದಾ?

ಪುಸ್ತಕ ಅಲ್ಲಿಗೇ ಮುಗಿಯುತ್ತೆ. ಯೋನ ಏನು ಉತ್ತರ ಕೊಟ್ಟ ಅಂತ ಬರೆದಿಲ್ಲ.