ಆ್ಯನ್ ಡೇಮರ್: ಉಳಿ ಹಿಡಿದ ಕೈ ಯಾರದು?

ಎಲ್ಲರಿಗೂ ನಮಸ್ಕಾರ. ಶಿಲ್ಪ ವಿಭಾಗದ ಮಕ್ಕಳು ಮುಂದಿನ ಸಾಲಿನಲ್ಲೇ ಕೂತಿದ್ದೀರಿ, ಬಹಳ ಸಂತೋಷ. ನಾನು ಬಂದಿರುವುದೇ ನಿಮಗಾಗಿ.

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಶಿಲ್ಪಿ ಆ್ಯನ್ ಸೀಮೋರ್ ಡೇಮರ್ ಎಂದರೆ ಬ್ರಿಟಿಷ್ ಕಲೆಯ ಚರಿತ್ರೆ ಓದಿದವರಿಗೆ ಥಟ್ಟನೆ ನೆನಪಾಗುವುದು ಮೂರು ಸಂಗತಿ. ಗಂಡ ಗುಂಡು ಹಾರಿಸಿಕೊಂಡು ಸತ್ತ. ಹೆಂಗಸರೊಂದಿಗಿನ ಆಕೆಯ ಸ್ನೇಹವನ್ನು ಲಂಡನ್ ಆಡಿಕೊಂಡಿತು. ಮೂರನೆಯದು, ಆ ಪ್ರತಿಮೆಗಳನ್ನೆಲ್ಲ ಕೆತ್ತಿದ್ದು ಆಕೆಯೇ ಅಲ್ಲವಂತೆ! ಈ ಮೂರನೆಯ 'ಅಂತೆ'ಯ ಮೇಲೆ ನನಗೆ ಬಹಳ ವರ್ಷಗಳ ಸಿಟ್ಟಿದೆ. ಇವತ್ತು ಅದನ್ನು ಹೇಳಿಯೇ ಹೋಗುತ್ತೇನೆ.

ಮೊದಲು ಒಂದು ಕಥೆ. ಅಪ್ಪ ಹೆನ್ರಿ ಸೀಮೋರ್ ಕಾನ್ವೇ ಸೇನಾಧಿಕಾರಿ, ಮಂತ್ರಿಯೂ ಆಗಿದ್ದವರು. ಅವರ ಕೈಕೆಳಗೆ ಕಾರ್ಯದರ್ಶಿಯಾಗಿದ್ದವರು ಯಾರು ಗೊತ್ತೇ? ತತ್ವಜ್ಞಾನಿ ಡೇವಿಡ್ ಹ್ಯೂಮ್! ಒಂದು ದಿನ ಹ್ಯೂಮ್ ಮತ್ತು ಈ ಹುಡುಗಿ ಬೀದಿಯಲ್ಲಿ ಹೋಗುತ್ತಿದ್ದಾಗ, ಪ್ಲಾಸ್ಟರ್ ಬೊಂಬೆಗಳನ್ನು ಹೊತ್ತು ಮಾರುವ ಇಟಲಿಯ ಹುಡುಗನೊಬ್ಬ ಎದುರಾದನಂತೆ. ಹ್ಯೂಮ್ ನಿಂತರು, ಬೊಂಬೆಗಳನ್ನು ನೋಡಿದರು, ಮಾತಾಡಿಸಿದರು, ಕೈಗೆ ದುಡ್ಡನ್ನೂ ಕೊಟ್ಟರು. ಅಷ್ಟು ದೊಡ್ಡ ಪಂಡಿತರು ಬೀದಿಯ ಬೊಂಬೆಗೆ ಮರುಳಾದರಲ್ಲ ಎಂದು ಹುಡುಗಿ ನಕ್ಕುಬಿಟ್ಟಳು. ಹ್ಯೂಮ್ ಬಿಡಲಿಲ್ಲ: ನಗಬೇಡಮ್ಮ, ನೀನು ಕಲಿತ ವಿದ್ಯೆಯನ್ನೆಲ್ಲ ಒಟ್ಟುಗೂಡಿಸಿದರೂ ಇಂಥದ್ದೊಂದು ನಿನ್ನ ಕೈಯಲ್ಲಾಗದು ಎಂದರು. ಅವಳಿಗೆ ಅದು ನಾಟಿತು. ಗುಟ್ಟಾಗಿ ಮೇಣ ತರಿಸಿಕೊಂಡು, ಒಂದು ತಲೆ ಮಾಡಿ ಅವರ ಮುಂದಿಟ್ಟಳು. ಹ್ಯೂಮ್ ನೋಡಿ, ಚೆನ್ನಾಗಿದೆ, ಆದರೆ ಮೇಣ ತಿದ್ದುವುದು ಸುಲಭ, ಕಲ್ಲಿಗೆ ಉಳಿ ಹಚ್ಚು ನೋಡೋಣ ಎಂದರು. ಸರಿ, ಕಲ್ಲೂ ಬಂತು, ಕಲ್ಲಿನಲ್ಲೂ ತಲೆ ಎದ್ದಿತು. ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ಬೆಳೆದದ್ದು ಎಂದು ನೀವು ಕೇಳಬಹುದು. ಕೇಳಿ. ಆದರೆ ಮೇಣದಿಂದ ಕಲ್ಲಿಗೆ ಹೋಗುವ ಆ ಹಟ ಸುಳ್ಳಲ್ಲ, ಏಕೆಂದರೆ ಮುಂದೆ ಆಕೆ ಕ್ರಮವಾಗಿ ಕಲಿತದ್ದು ಹಾಗೆಯೇ: ಮಣ್ಣಿನಲ್ಲಿ ರೂಪಿಸುವ ಮಾಡೆಲಿಂಗ್ ಇಟಲಿಯ ಶಿಲ್ಪಿ ಚೆರಾಕ್ಕಿಯ ಬಳಿ, ಕೆತ್ತನೆ ಶಿಲ್ಪಿ ಜಾನ್ ಬೇಕನ್ ಬಳಿ, ಅಂಗರಚನೆ ವೈದ್ಯ ಕ್ರುಕ್‌ಶ್ಯಾಂಕ್ ಬಳಿ. ಹೆಂಗಸರಿಗೆ ಶವಚ್ಛೇದನದ ಕೋಣೆಯ ಬಾಗಿಲು ಮುಚ್ಚಿದ್ದ ಕಾಲ ಅದು, ಮರೆಯಬೇಡಿ.

ಈಗ ಆ 'ಅಂತೆ'ಗೆ ಬರುತ್ತೇನೆ. ಅಮೃತಶಿಲೆಯ ಒಂದು ಪ್ರತಿಮೆ ಹೇಗಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಗುರು ಮಣ್ಣಿನಲ್ಲಿ ರೂಪಿಸುತ್ತಾನೆ, ಅಚ್ಚು ತೆಗೆದು ಪ್ಲಾಸ್ಟರ್ ಮಾಡುತ್ತಾರೆ, ಅದರ ಮೇಲಿನ ಬಿಂದುಗಳನ್ನು ಅಳೆದು ಸಹಾಯಕರು ಕಲ್ಲನ್ನು ಒರಟಾಗಿ ಇಳಿಸುತ್ತಾರೆ, ಕೊನೆಯ ಕೈ ಗುರುವಿನದು. ಲಂಡನ್ನಿನ ದೊಡ್ಡ ಕಾರ್ಯಾಗಾರಗಳೆಲ್ಲ ನಡೆದದ್ದು ಹೀಗೆ. ಆಕೆಯ ಗುರು ಬೇಕನ್ ಆ ಅಳೆಯುವ ಯಂತ್ರವನ್ನೇ ಸುಧಾರಿಸಿದವರು. ಶಿಲ್ಪಿ ನೋಲೆಕೆನ್ಸ್ ಹೆಸರಿನಲ್ಲಿ ಹೊರಟ ಪ್ರಧಾನಿ ವಿಲಿಯಂ ಪಿಟ್ ತಲೆಗಳು ಹತ್ತಾರು. ಅಷ್ಟನ್ನೂ ಒಬ್ಬನೇ ಕೆತ್ತಿದನೇ ಎಂದು ಯಾರಾದರೂ ಕೇಳಿದರೇ? ಡೇಮರ್ ಚರಿತ್ರೆ ಬರೆದು ಆಕೆಯ ಕೆಲಸವನ್ನು ಕೀಳಾಗಿ ತೂಗಿದ ಆಲನ್ ಕನಿಂಗ್‌ಹ್ಯಾಮ್ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು? ಶಿಲ್ಪಿ ಚಾಂಟ್ರಿಯ ಕಾರ್ಯಾಗಾರದ ಮೇಲ್ವಿಚಾರಣೆ! ಪ್ರಶ್ನೆ ಕೇಳಬೇಡಿ ಎನ್ನುತ್ತಿಲ್ಲ. ಕೇಳಿದರೆ ಎಲ್ಲರಿಗೂ ಕೇಳಿ.

1789ರ ಒಂದು ವ್ಯಂಗ್ಯಚಿತ್ರದಲ್ಲಿ ಆಕೆ ಬೆತ್ತಲೆ ಅಪೋಲೋನ ಹಿಂಬದಿಗೆ ಉಳಿ ಹಿಡಿದು ನಿಂತಿದ್ದಾಳೆ. ಗಮನಿಸಿ, ಕೆತ್ತಿದರೆ ನಾಚಿಕೆಗೇಡಿ, ಕೆತ್ತದಿದ್ದರೆ ಮೋಸಗಾತಿ. ಎರಡು ಆರೋಪವೂ ಒಟ್ಟಿಗೆ ನಿಲ್ಲುವುದು ಹೇಗೆ?

ಗಂಡ ಜಾನ್ ಡೇಮರ್ ಸಾಲದಲ್ಲಿ ಮುಳುಗಿ 1776ರಲ್ಲಿ ಪ್ರಾಣ ಕಳೆದುಕೊಂಡ. ಅದಾದ ಮೇಲೆಯೇ ಆಕೆ ಪೂರ್ತಿಯಾಗಿ ಶಿಲ್ಪಕ್ಕೆ ನಿಂತದ್ದು. 1784ರಿಂದ 1818ರವರೆಗೆ ರಾಯಲ್ ಅಕಾಡೆಮಿಯ ಪ್ರದರ್ಶನಗಳಲ್ಲಿ ಕೆಲಸ ಇಟ್ಟರು, ಗೌರವ ಪ್ರದರ್ಶಕಿ ಎಂಬ ಹಣೆಪಟ್ಟಿಯಲ್ಲಿ, ಅಂದರೆ ವೃತ್ತಿಯವರ ಸಾಲಿನಿಂದ ಹೊರಗೆ. ಬ್ರಿಟಿಷ್ ನೌಕಾ ಸೇನಾಪತಿ ನೆಲ್ಸನ್ ಪ್ರತಿಮೆಗಾಗಿ ಆಕೆಯ ಮುಂದೆ ಕೂತರು. ಆ ಅಮೃತಶಿಲೆಯ ನೆಲ್ಸನ್ ಲಂಡನ್ನಿನ ಗಿಲ್ಡ್‌ಹಾಲ್ ಸೇರಿತು. ಅದೇ ನೆಲ್ಸನ್ ನಮ್ಮ ಕಡೆಗೂ ಬಂದದ್ದು ಗೊತ್ತೇ? ಸಿಲೋನಿನ ಮುಖ್ಯ ನ್ಯಾಯಾಧೀಶರಾಗಿದ್ದ ಸಂಬಂಧಿ ಅಲೆಕ್ಸಾಂಡರ್ ಜಾನ್‌ಸ್ಟನ್ ಅವರ ಮಾತಿನಂತೆ ಆಕೆ ಕೊನೆಯ ವರ್ಷಗಳಲ್ಲಿ ನೆಲ್ಸನ್ನನ ಒಂದು ಪ್ರತಿಮೆಯನ್ನು ತಂಜಾವೂರಿನ ಎರಡನೆಯ ಸರ್ಫೋಜಿ ಮಹಾರಾಜರಿಗೆ ಕಳಿಸಿದರು. ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದ ಪುಸ್ತಕ ಕಂಡವರಿಗೆ ಆ ರಾಜರ ಕುತೂಹಲ ಎಂಥದ್ದೆಂದು ಗೊತ್ತು.

ಅಧ್ಯಕ್ಷರ ಚೀಟಿ ಬಂತು, ಐದು ನಿಮಿಷ ಅಂತೆ. ನೆಪೋಲಿಯನ್ ಕಥೆ ಬಿಡಲಾರೆ: 1815ರಲ್ಲಿ, ವಾಟರ್ಲೂಗೆ ಸ್ವಲ್ಪ ಮೊದಲು, ತಾನು ಮಾಡಿದ ಬ್ರಿಟಿಷ್ ರಾಜಕಾರಣಿ ಚಾರ್ಲ್ಸ್ ಫಾಕ್ಸ್ ಪ್ರತಿಮೆಯನ್ನು ಅವನಿಗೆ ಕೊಟ್ಟು ಬಂದರು. ಅವನು ಕೊಟ್ಟ ವಜ್ರದ ನಶ್ಯದ ಡಬ್ಬಿ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಲೇಖಕ ಹೊರೇಸ್ ವಾಲ್‌ಪೋಲ್ ತಮ್ಮ ಸ್ಟ್ರಾಬೆರಿ ಹಿಲ್ ಮನೆಯನ್ನು ಆಕೆಗೆ ಬಿಟ್ಟದ್ದು, ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರಕ್ಕೆ ಆಕೆ ಮಾಡಿದ ಅಪೋಲೋ ಪ್ರತಿಮೆ 1809ರ ಬೆಂಕಿಯಲ್ಲಿ ಹೋದದ್ದು, ಇವನ್ನು ಹೆಸರಿಸಿ ಮುಂದೆ ಹೋಗುತ್ತೇನೆ.

1828ರಲ್ಲಿ ತೀರಿಕೊಂಡರು. ಕಾಗದಪತ್ರ ಸುಡಬೇಕು, ಉಳಿ ಸುತ್ತಿಗೆಗಳನ್ನು ಜೊತೆಗೆ ಹೂಳಬೇಕು ಎಂದು ಹೇಳಿದ್ದರು. ಹಾಗಾಗಿ ಈಗ ಸಾಕ್ಷಿ ಹೇಳಬೇಕಾದ್ದು ಕಲ್ಲು ಮಾತ್ರ. ಹೆನ್ಲಿ ಸೇತುವೆಯ ನಡುಗಮಾನಿನ ಎರಡೂ ಬದಿಯಲ್ಲಿ ಆಕೆ ಕೆತ್ತಿದ ಥೇಮ್ ಮತ್ತು ಐಸಿಸ್ ಎಂಬ ನದಿದೇವತೆಗಳ ಮುಖಗಳ ಸ್ಲೈಡ್ ತಂದಿದ್ದೇನೆ. ದೀಪ ಆರಿಸಿ. ಮುಂದಿನ ಸಾಲಿನವರು ಗಡ್ಡದ ಎಳೆಗಳಲ್ಲಿ ಉಳಿಯ ಗುರುತು ಎಲ್ಲಿ ಕಾಣುತ್ತದೆ ನೋಡಿ, ನನಗೆ ಹೇಳಿ.